ಒಂದು ಗೆರೆ, ಇಬ್ಬರ ಹೆಸರು

ಮಾರ್ಚ್ 4

ಗುಬ್ಬಿಯ ಅಪ್ಪನಿಗೆ,

ಹನ್ನೊಂದು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳದೆ ಬಿಟ್ಟು ಅಭ್ಯಾಸವೂ ಇಲ್ಲ. ಚೆನ್ನಾಗಿದ್ದೀರಿ ಎಂದುಕೊಂಡು ಮುಂದೆ ಹೋಗುತ್ತೇನೆ.

ನಾನು ಈಗಲೂ ಅದೇ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತೇನೆ. ಹರಿದ ಚಾದರ, ಆಪರೇಷನ್ ಗೌನು, ಗುಂಡಿ ಕಿತ್ತುಹೋದ ರೋಗಿಗಳ ಅಂಗಿ. ಕೋಣೆಯ ಎದುರಿಗೇ ಏಳನೇ ಕೌಂಟರು. ಸೇನೆಯಲ್ಲಿ ಮಕ್ಕಳನ್ನು ಕಳೆದುಕೊಂಡವರಿಗೆ ಅಲ್ಲಿ ಬೇರೆ ಸಾಲು. ಹತ್ತು ತಿಂಗಳು ಅದನ್ನು ದೂರದಿಂದ ನೋಡುತ್ತಿದ್ದೆ. ಕಳೆದ ವಾರ ಧೈರ್ಯ ಮಾಡಿ ಹೋಗಿ ನಿಂತೆ. ಕೌಂಟರಿನಾಕೆ ನಮ್ಮ ಗುಬ್ಬಿಯ ಸೇನೆಯ ನಂಬರು ಒತ್ತಿ ನೋಡಿ, "ಈ ಸೈನಿಕರಿಗೆ ತಾಯಿ ಅಂತ ಯಾರೂ ಇಲ್ವಲ್ಲಮ್ಮ, ತಂದೆ ಒಬ್ರೇ ಇದಾರೆ" ಅಂದಳು.

"ಹಾಗಾದ್ರೆ ನಾನ್ಯಾರು?" ಅಂದೆ. ಪಾಪ, ಇನ್ನೊಮ್ಮೆ ಒತ್ತಿ ನೋಡಿದಳು. ಎರಡನೇ ಸಲವೂ ನಾನಿರಲಿಲ್ಲ.

ಆಸ್ಪತ್ರೆಯ ಕಾರ್ಡು, ಮಾಸಾಶನ, ಎಲ್ಲ ನಿಮ್ಮ ಹೆಸರಿಗೆ ಬಂದಿದೆಯಂತೆ. ಬರಲಿ. ನನ್ನ ಹೊಟ್ಟೆ ಉರಿಸಿದ್ದು ಪಾಸು. ಅವನನ್ನು ಮಲಗಿಸಿರುವ ಸ್ಮಶಾನ ಸೇನೆಯ ಬೇಲಿಯೊಳಗಿದೆ, ಪಾಸಿಲ್ಲದವರನ್ನು ಗೇಟು ದಾಟಿಸುವುದಿಲ್ಲ. ಕಳೆದ ಮೇ ತಿಂಗಳಲ್ಲಿ ಅವನ ಪೆಟ್ಟಿಗೆ ನಿಮ್ಮ ಮನೆಗೆ ಬಂದಾಗ ನಾನು ನಿಮ್ಮ ಬೀದಿಯವರ ಜೊತೆ ಮೂರನೇ ಸಾಲಿನಲ್ಲಿ ನಿಂತಿದ್ದೆ. ಸೇನೆಯ ವಾಹನಕ್ಕೆ ನೀವೂ ನಿಮ್ಮ ಈಗಿನ ಹೆಂಡತಿಯೂ ಹತ್ತಿದಿರಿ. ನನಗೆ ಜಾಗವಿಲ್ಲ ಎಂದರು. ಅವನನ್ನು ಎಲ್ಲಿ ಇಟ್ಟರು ಎಂದು ನಾನು ಇದುವರೆಗೆ ನೋಡಿಲ್ಲ.

ಒಂದು ಮಾತಿಗೆ ನೇರವಾಗಿ ಉತ್ತರ ಕೊಡಿ. ಸೇನೆಗೆ ಕೊಟ್ಟ ಅರ್ಜಿಯಲ್ಲಿ ಅವನು ನಿಮ್ಮೊಬ್ಬರ ಹೆಸರನ್ನೇ ಬರೆದನೇ, ನೀವು ಬರೆಸಿದಿರೇ?

ಅವನ ಅಮ್ಮ

*

ಮಾರ್ಚ್ 15

ಗುಬ್ಬಿಯ ಅಮ್ಮನಿಗೆ,

"ನೀವು" ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದೆ. ಕೋರ್ಟು ನಮ್ಮನ್ನು ಬೇರೆ ಮಾಡಿತೇ ಹೊರತು ನನ್ನ ನಾಲಿಗೆಯನ್ನು ತಿದ್ದಲಿಲ್ಲ. ನೀನು ಎಂದೇ ಬರೆಯುತ್ತೇನೆ.

ನಾನು ಬರೆಸಲಿಲ್ಲ. ಕಾರ್ಡು ಬಂದಾಗ ನಿನಗೂ ಒಂದು ಬಂದಿರುತ್ತದೆ ಎಂದುಕೊಂಡೆ. ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ. ಮೂರನೇ ಸಾಲಿನಲ್ಲಿ ನೀನಿದ್ದದ್ದು ಮಾತ್ರ ನನಗೆ ಗೊತ್ತಿತ್ತು. ಇಳಿದು ಬಂದು ಕರೆಯಬೇಕಿತ್ತು. ಕಾಲು ಏಳಲಿಲ್ಲ. ಇದಕ್ಕೆ ನನ್ನ ಬಳಿ ಬೇರೆ ಸಮಜಾಯಿಷಿ ಇಲ್ಲ.

ನಿನ್ನ ಕಾಗದ ಬಂದ ಮರುದಿನವೇ ರಜೆ ಹಾಕಿ ಸೇನೆಯ ದಾಖಲೆ ಕಚೇರಿಗೆ ಹೋದೆ. ಒಬ್ಬ ಸೈನಿಕನಿಗೆ ಒಬ್ಬರೇ ಪೋಷಕರು, ಅದು ನಿಯಮವಂತೆ. ಅರ್ಜಿಯನ್ನು ವರ್ಷಕ್ಕೊಮ್ಮೆ ಜುಲೈನಲ್ಲಿ ಹೊಸದಾಗಿ ತುಂಬುತ್ತಾರೆ. ಕೊನೆಯ ಅರ್ಜಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಎಲ್ಲವೂ, ಇನ್ನೊಬ್ಬರಿಗೆ ಏನೂ ಇಲ್ಲ. ಆದರೆ ಪಾಸಿನಲ್ಲಿ ಆ ಪೋಷಕರ ಗಂಡನಿಗೋ ಹೆಂಡತಿಗೋ ಜಾಗವಿದೆ. ಗುಮಾಸ್ತ ಒಳ್ಳೆಯವನು. ತಗ್ಗಿದ ದನಿಯಲ್ಲಿ, "ಅವ್ರನ್ನೇ ಹೆಂಡ್ತಿ ಅಂತ ತೋರ್ಸಿ ಕರ್ಕೊಂಡು ಹೋಗ್ಬಿಡಿ ಸಾರ್, ಗೇಟಲ್ಲಿ ಯಾರು ಕೇಳ್ತಾರೆ" ಅಂದ. ಮನೆಯಲ್ಲಿ ಇವಳನ್ನು ಕೇಳಿದೆ. ಧಾರಾಳವಾಗಿ ಹೋಗಿಬನ್ನಿ ಎಂದಳು.

ಗೇಟು ತೆರೆಯುವುದು ಏಪ್ರಿಲ್ ಒಂದೇ ತಿಂಗಳು. ಹತ್ತನೇ ತಾರೀಖಿನ ರೈಲಿಗೆ ಎರಡು ಸೀಟು ಹೇಳಿಟ್ಟಿದ್ದೇನೆ. ಬಾ.

ಅವನ ಅಪ್ಪ

*

ಮಾರ್ಚ್ 22

ಗುಬ್ಬಿಯ ಅಪ್ಪನಿಗೆ,

ಆ ಒಳ್ಳೆಯ ಗುಮಾಸ್ತನಿಗೆ ಹೇಳಿ, ನಿಮ್ಮ ಹೆಂಡತಿ ಎಂಬ ಕೆಲಸವನ್ನು ಹದಿನಾಲ್ಕು ವರ್ಷ ಮಾಡಿ ರಾಜೀನಾಮೆ ಕೊಟ್ಟವಳು ನಾನು. ಸುಳ್ಳಿಗೆ ಕೂಡ ಮತ್ತೆ ಆ ಕೆಲಸಕ್ಕೆ ಸೇರುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ. ಇದ್ದ ಸಿಟ್ಟೂ ನೀವು ಕಾಲು ಏಳಲಿಲ್ಲ ಎಂದು ಒಪ್ಪಿಕೊಂಡ ಕಡೆ ಅರ್ಧ ಇಳಿಯಿತು. ಆದರೆ ಯೋಚಿಸಿ ನೋಡಿ. ನಿಮ್ಮ ಹೆಂಡತಿಯಾದರೆ ನಾನು ಒಳಗೆ ಹೋಗಬಹುದು, ಅವನನ್ನು ಹೆತ್ತವಳಾದರೆ ಹೋಗಬಾರದು. ಈ ಮಾತಿಗೆ ತಲೆಬಾಗಿ ಗೇಟು ದಾಟಿದರೆ, ಅವನ ಎದುರಿಗೆ ಹೋಗಿ ಯಾರೆಂದು ನಿಲ್ಲಲಿ? ತಾಯಿ ಎಂದು ಬಿಟ್ಟರೆ ಹೋಗುತ್ತೇನೆ. ಇಲ್ಲದಿದ್ದರೆ ನನ್ನ ಯಂತ್ರ ನನಗಿದೆ.

ಒಂದು ಸೀಟು ವಾಪಸು ಮಾಡಿ.

ಅವನ ಅಮ್ಮ

*

ಮೇ 9

ಅಕ್ಕನವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಅಕ್ಕ ಎಂದಿದ್ದೇನೆ. ಇಷ್ಟವಾಗದಿದ್ದರೆ ಹೊಡೆದುಹಾಕಿ ಮುಂದೆ ಓದಿ. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಯಾವ ಬಸ್ಸು ಎಲ್ಲಿಗೆ ಎಂದು ದಿನವಿಡೀ ಹೇಳುವ ನನಗೆ ಈ ಕಾಗದ ಶುರುಮಾಡಲು ನಾಲ್ಕು ದಿನ ಬೇಕಾಯಿತು.

ಮೊದಲು ತಪ್ಪೊಪ್ಪಿಗೆ. ಆ ದಿನ ವಾಹನದಲ್ಲಿ ನಾನು ಕೂತದ್ದು ನಿಮ್ಮ ಜಾಗದಲ್ಲಿ. ಕೂರುವಾಗ ಹೊಳೆಯಲಿಲ್ಲ. ದಾರಿಯಲ್ಲಿ ಹೊಳೆಯಿತು, ಅಷ್ಟು ಹೊತ್ತಿಗೆ ಬಹಳ ದೂರ ಹೋಗಿಬಿಟ್ಟಿದ್ದೆವು.

ಇವರು ಏಪ್ರಿಲ್‌ನಲ್ಲಿ ಹೋಗಲಿಲ್ಲ. ಎರಡು ಸೀಟೂ ವಾಪಸು ಮಾಡಿದರು. ಕೇಳಿದರೆ, "ಅವ್ಳು ನೋಡ್ದೇ ಇರೋದನ್ನ ನಾನು ಎರಡನೇ ಸಲ ಹೋಗಿ ನೋಡ್ಲಾ?" ಎಂದರು. ನಿಮಗೆ ಹೇಳಬಾರದು ಎಂದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಮನೆಯಲ್ಲಿ ಇವರು ಆಡುವ ಮಾತಿಗಿಂತ ನಮ್ಮ ನಿಲ್ದಾಣದ ಮೈಕು ಆಡುವುದು ಹೆಚ್ಚು. ಅಂಥವರು ನಾಲ್ಕು ಸಲ ದಾಖಲೆ ಕಚೇರಿಗೆ ಹೋಗಿ, ವಾದ ಮಾಡಿ, ಗುಬ್ಬಿ ಆರು ವರ್ಷದಲ್ಲಿ ತುಂಬಿದ ಆರೂ ಅರ್ಜಿಗಳ ನಕಲು ತಂದರು. ಇದರೊಳಗೆ ಇಟ್ಟಿದ್ದೇನೆ.

ಮೊದಲನೇ ಅರ್ಜಿ ನೋಡಿ. ಪೋಷಕರ ಹೆಸರಿಗೆ ಇರುವುದು ಒಂದೇ ಗೆರೆ. ಅವನು ಅದರ ಮೇಲೆ ನಿಮ್ಮ ಹೆಸರು, ಇವರ ಹೆಸರು, ಎರಡನ್ನೂ ಒತ್ತೊತ್ತಾಗಿ ಬರೆದಿದ್ದಾನೆ. ಯಾರೋ ಇವರ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ "ಒಂದೇ ಹೆಸರು" ಎಂದು ಗೀಚಿದ್ದಾರೆ. ಆ ವರ್ಷ ನೀವೊಬ್ಬರೇ ಉಳಿದಿರಿ. ಎರಡನೇ ವರ್ಷ ಅವನು ಇವರ ಹೆಸರು ಬರೆದ. ಮೂರನೇ ವರ್ಷ ನಿಮ್ಮದು. ನಾಲ್ಕು ಇವರದು, ಐದು ನಿಮ್ಮದು, ಆರು ಇವರದು. ಇಬ್ಬರನ್ನೂ ಬಿಡದ ಹುಡುಗ, ಬೇರೇನು ಮಾಡಿಯಾನು? ಇನ್ನೆರಡು ತಿಂಗಳು ಬದುಕಿದ್ದರೆ ಏಳನೇದರಲ್ಲಿ ನಿಮ್ಮ ಹೆಸರಿರುತ್ತಿತ್ತು.

ಇದನ್ನು ನೋಡಿ ಇವರು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅತ್ತರು. ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಿಮ್ಮ ತಂಗಿಯಂಥವಳು

*

ಮೇ 20

ಇಬ್ಬರಿಗೂ,

ತಂಗಿ, ಅಕ್ಕ ಎಂಬುದನ್ನು ಹೊಡೆದುಹಾಕಿಲ್ಲ. ಹಾಗೇ ಇರಲಿ.

ಅರ್ಜಿಗಳನ್ನು ಕಟ್ಟಿಂಗ್ ಮೇಜಿನ ಮೇಲೆ ಸಾಲಾಗಿ ಹಾಸಿ ನೋಡಿದೆ. ನಮ್ಮ ಕೋಣೆಯವರೆಲ್ಲ ಯಂತ್ರ ನಿಲ್ಲಿಸಿ ಬಂದು ನೋಡಿದರು. ಪೆಟ್ಟಿಗೆ ನಿಮ್ಮ ಮನೆಗೆ ಬಂದ ದಿನದಿಂದ ನಾನು ಅವನ ಮೇಲೆ ಮುನಿಸಿಕೊಂಡಿದ್ದೆ ಎಂದು ನಿಮಗ್ಯಾರಿಗೂ ಹೇಳಿರಲಿಲ್ಲ. ಸತ್ತ ಮಗನ ಮೇಲೆ ಮುನಿಸು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅಪ್ಪನನ್ನೇ ಆರಿಸಿಕೊಂಡನಲ್ಲ ಎಂದು ಒಳಗೊಳಗೇ ಬೆಂದುಹೋಗಿದ್ದೆ. ಅವನು ಯಾರನ್ನೂ ಆರಿಸಿರಲಿಲ್ಲ.

ನಮಗೆ ಇದು ಗೊತ್ತಿರಬೇಕಿತ್ತು. ಒಂದು ವಾರ ನನ್ನ ಮನೆ, ಒಂದು ವಾರ ನಿಮ್ಮ ಮನೆ ಎಂದು ಚೀಲ ಹೊತ್ತು ಬೆಳೆದವನು. ಶಾಲೆಯ ಅಂಕಪಟ್ಟಿಗೂ ಒಂದು ಸಲ ನನ್ನ ಸಹಿ, ಇನ್ನೊಂದು ಸಲ ನಿಮ್ಮದು. ಗಣಿತದಲ್ಲಿ ಮುಗ್ಗರಿಸಿದ ತಿಂಗಳು ಮಾತ್ರ ಸರದಿ ತಪ್ಪಿಸಿ ನಿಮ್ಮ ಹತ್ತಿರ ಬರುತ್ತಿದ್ದ. ನನಗೆ ತಿಳಿಯದು ಎಂದುಕೊಂಡಿದ್ದ.

ಏಳನೇ ಕೌಂಟರಿನಾಕೆ ಹೇಳಿದಳು, ಕಾನೂನು ಸಮಿತಿಗೆ ಯಾರು ಬೇಕಾದರೂ ಮನವಿ ಕೊಡಬಹುದಂತೆ. ಆದರೆ ಒಬ್ಬಳೇ ಕೊಟ್ಟರೆ ಅದು ಮನೆಜಗಳ ಎನ್ನುತ್ತಾರೆ, ಐವತ್ತು ಜನ ಕೊಟ್ಟರೆ ಓದುತ್ತಾರೆ. ಅವಳ ಸಾಲಿನಲ್ಲೇ ತಿಂಗಳಿಗೆ ಇಬ್ಬರು ಮೂವರು ನನ್ನ ಹಾಗೆ ಬಂದು, ಯಾರೂ ಅಲ್ಲ ಎನಿಸಿಕೊಂಡು ಹೋಗುತ್ತಾರಂತೆ. ನಾನು ಮನವಿ ಬರೆಯುತ್ತಿದ್ದೇನೆ. ಇಬ್ಬರಿಗೂ ಸಮನಾಗಿ ಕೊಡಿ, ಅದು ಬಿಟ್ಟು ಬೇರೇನೂ ಬರೆದಿಲ್ಲ. ಉಳಿದ ನಲವತ್ತೊಂಬತ್ತು ಜನರನ್ನು ಹುಡುಕುವುದು ಹೇಗೆ, ನೀವು ಹೇಳಿ.

ಅವನ ಅಮ್ಮ

*

ಜುಲೈ 2

ಗುಬ್ಬಿಯ ಅಮ್ಮನಿಗೆ,

ಜನರನ್ನು ಹುಡುಕುವ ದಾರಿ ನನ್ನ ಕೆಲಸದಲ್ಲೇ ಇತ್ತು. ಈ ಊರಿನಲ್ಲಿ ನಾನು ನೋಡಿಕೊಳ್ಳುವ ಲಿಫ್ಟುಗಳು ನೂರ ಹನ್ನೆರಡು. ಲಿಫ್ಟಿನಲ್ಲಿ ನಿಂತವನಿಗೆ ಓದಲು ಬೇರೇನೂ ಇರುವುದಿಲ್ಲ. ಪಕ್ಕದವನ ಮುಖ ನೋಡುವ ಹಾಗಿಲ್ಲ, ಮಹಡಿಯ ನಂಬರು ಎಷ್ಟು ಸಲ ಓದುತ್ತಾನೆ? ನಾನು ಚೀಟಿ ಮಾಡಿಸಿದೆ: "ಮಗನನ್ನೋ ಮಗಳನ್ನೋ ಸೇನೆಯಲ್ಲಿ ಕಳೆದುಕೊಂಡು, ನೀವು ಯಾರೂ ಅಲ್ಲ ಎನಿಸಿಕೊಂಡ ತಂದೆತಾಯಿಗಳು ಈ ವಿಳಾಸಕ್ಕೆ ಬರೆಯಿರಿ." ಗ್ರೀಸ್ ಹಚ್ಚಲು ಹೋದ ಕಡೆಯೆಲ್ಲ ಬಾಗಿಲ ಪಕ್ಕ, ಕಣ್ಣಿನ ಎತ್ತರಕ್ಕೆ ಒಂದೊಂದು ಅಂಟಿಸಿ ಬಂದೆ.

ಕಂಪನಿಯ ಮ್ಯಾನೇಜರು ಕರೆಸಿ ಮೆಮೊ ಕೊಟ್ಟರು. "ಏನ್ರೀ ಇದು, ಲಿಫ್ಟು ರಿಪೇರಿಗೆ ಕಳ್ಸಿದ್ರೆ ಸರ್ಕಾರ ರಿಪೇರಿ ಮಾಡ್ತಿದೀರಾ?" ಎಂದರು. ಮೆಮೊಗೆ ಸಹಿ ಹಾಕಿಸಿಕೊಂಡ ಮೇಲೆ, ಅವರ ಅಕ್ಕನ ಮಗಳು ನೌಕಾಪಡೆಯಲ್ಲಿದ್ದಳು, ಈಗಿಲ್ಲ ಎಂದರು. ಚೀಟಿ ಕೀಳಿ ಎಂದು ಮಾತ್ರ ಹೇಳಲಿಲ್ಲ.

ಇಂದಿಗೆ ನಮ್ಮ ಮನೆಗೆ ಬಂದಿರುವ ಕಾಗದಗಳು ಐವತ್ತೆಂಟು. ಇವಳು ಎಲ್ಲವನ್ನೂ ಊರಿನ ಪ್ರಕಾರ ಜೋಡಿಸಿ, ಯಾರು ಯಾವ ಬಸ್ಸಿಗೆ ಬರಬೇಕು ಎಂದು ಪಟ್ಟಿ ಮಾಡಿದ್ದಾಳೆ. ಸೇನಾ ಇಲಾಖೆಯ ಕಟ್ಟಡದ ಮೂರು ಲಿಫ್ಟೂ ನನ್ನವೇ. ಎಂಟನೇ ಮಹಡಿಯ ಕಾರ್ಯದರ್ಶಿ ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತಾರೆ. ಅವರಿಗೆ ಈಗ ಚೀಟಿ ಬಾಯಿಪಾಠವಾಗಿರಬೇಕು.

ನಿನ್ನ ಮನವಿಯನ್ನು ಸಮಿತಿ ತೆಗೆದುಕೊಂಡಿದೆ, ಆಗಸ್ಟ್ 16ಕ್ಕೆ ವಿಚಾರಣೆ. ನೀನು ಮಾತಾಡಬೇಕು. ನನಗೆ ಮಾತು ಬರುವುದಿಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನ ಅಪ್ಪ

*

ಆಗಸ್ಟ್ 18

ತಂಗಿ,

ನಿನಗೆ ರಜೆ ಸಿಗದೆ ಹೋದದ್ದು ದೊಡ್ಡ ನಷ್ಟ. ನಿಮ್ಮ ಮನೆಯವರು ಬಂದು ಏನು ಹೇಳಿದರೋ ಬಿಟ್ಟರೋ. "ಆಯ್ತು" ಎಂದಷ್ಟೇ ಹೇಳಿ ಊಟಕ್ಕೆ ಕೂತಿರುತ್ತಾರೆ. ಆದ್ದರಿಂದ ನಾನು ಬರೆಯುತ್ತೇನೆ.

ಉದ್ದನೆಯ ಸಭಾಂಗಣ, ಎತ್ತರದ ಕಿಟಕಿಗಳು, ನೀರಿನ ಲೋಟದ ಮೇಲೆ ಮುಚ್ಚಳ. ಐವರು ಸದಸ್ಯರು. ನಡುವೆ ಕನ್ನಡಕದ ಅಧ್ಯಕ್ಷೆ, ಬಲಕ್ಕೆ ನಿವೃತ್ತ ಸೇನಾಧಿಕಾರಿ. ನಿನ್ನ ಪಟ್ಟಿಯ ಪ್ರಕಾರ ಐವತ್ತೆಂಟು ಜನರಲ್ಲಿ ಐವತ್ತೈದು ಮಂದಿ ಸರಿಯಾದ ಬಸ್ಸು ಹಿಡಿದು ಬಂದಿದ್ದರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು.

ಅಧಿಕಾರಿಯೇ ಮೊದಲು ಬಾಯಿ ತೆಗೆದರು. "ಇಬ್ರಿಗೂ ಕೊಟ್ರೆ ಜಗಳ ಹೆಚ್ಚಾಗತ್ತೆ. ನಿಜವಾಗ್ಲೂ ಸಾಕಿದೋರು ಯಾರು ಅಂತ ನಾವು ಹೆಂಗೆ ತೀರ್ಮಾನ ಮಾಡೋದು? ಅದಕ್ಕೇ ಸೈನಿಕನ ಇಷ್ಟಕ್ಕೆ ಬಿಟ್ಟಿದೀವಿ. ಅವನು ಯಾರ ಹೆಸರು ಬರೀತಾನೋ ಅವರು."

ನಾನು ಏಳುವಷ್ಟರಲ್ಲಿ ನಿಮ್ಮ ಮನೆಯವರು ಎದ್ದರು. ಮಾತು ಬಾರದ ಮನುಷ್ಯ.

"ಸ್ವಾಮಿ, ನಾನು ಲಿಫ್ಟ್ ಮೆಕ್ಯಾನಿಕ್. ನೀವು ಈಗ ಹತ್ತಿ ಬಂದ ಲಿಫ್ಟು ಒಂದೇ ಹಗ್ಗದಲ್ಲಿ ನೇತಾಡ್ತಿಲ್ಲ. ಒಂದೇ ಹಗ್ಗದ ಲಿಫ್ಟನ್ನ ನಾವು ಪಾಸ್ ಮಾಡೋದಿಲ್ಲ. ನಿಮ್ಮನ್ನ ನಿಜವಾಗ್ಲೂ ಎತ್ತಿದ ಹಗ್ಗ ಯಾವ್ದು ಅಂತ ಯಾರೂ ಕೇಳೋದೂ ಇಲ್ಲ. ನನಗೆ ಕಾರ್ಡು ಬಂದಿದೆ. ಇವರಿಗೆ ಬಂದಿಲ್ಲ. ಇವರಿಗೆ ಬರೋವರೆಗೆ ನಾನು ಅದನ್ನ ಮುಟ್ಟಲ್ಲ." ಇಷ್ಟು ಹೇಳಿ ಕೂತುಬಿಟ್ಟರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಪರವಾಗಿ ಅವರು ಇಷ್ಟುದ್ದ ಮಾತಾಡಿದ್ದಿಲ್ಲ. ಆಗಲೇ ಮಾತಾಡಿದ್ದರೆ ನೀನು ಬೇರೆ ಯಾರನ್ನಾದರೂ ಮದುವೆಯಾಗಬೇಕಾಗುತ್ತಿತ್ತು, ಬೇಜಾರು ಮಾಡಿಕೊಳ್ಳಬೇಡ.

ಆಮೇಲೆ ನಾನು. ಮಾತು ಬರೆದುಕೊಂಡು ಹೋಗಿದ್ದೆ, ಓದಲಿಲ್ಲ. ಆರೂ ಅರ್ಜಿಗಳನ್ನು ನಾನು ಒಂದರ ಅಂಚಿಗೆ ಒಂದು ಇಟ್ಟು ಯಂತ್ರದಲ್ಲಿ ಹೊಲಿದಿದ್ದೆ. ಸುರುಳಿ ಬಿಚ್ಚಿ ಅವರ ಮೇಜಿನ ಮೇಲೆ ಹಾಸಿದೆ. ಐವರ ಮುಂದೆ ಈ ತುದಿಯಿಂದ ಆ ತುದಿಗೆ ಬಂತು.

"ಇದು ನನ್ನ ಮಗನ ಕೈಬರಹ. ನಿಮ್ಮ ಗೆರೆ ಮೇಲಿರೋ ಹೆಸರನ್ನ ಗಟ್ಟಿಯಾಗಿ ಓದಿ" ಅಂದೆ.

ಅಧ್ಯಕ್ಷೆ ಓದತೊಡಗಿದರು. ನನ್ನ ಹೆಸರು, ಅವರ ಹೆಸರು, ನನ್ನ ಹೆಸರು, ಅವರ ಹೆಸರು. ಕೊನೆಗೆ ಮೊದಲ ಅರ್ಜಿಗೆ ವಾಪಸು ಬಂದು, ಕೆಂಪು ಶಾಯಿಯ ಮೇಲೆ ಬೆರಳಿಟ್ಟು, "ಇದನ್ನ ಹೊಡೆದದ್ದು ಯಾರು?" ಎಂದು ಅಧಿಕಾರಿಯನ್ನು ಕೇಳಿದರು.

"ನನ್ನ ಮಗನ ಇಷ್ಟಕ್ಕೆ ಬಿಟ್ಟಿದೀವಿ ಅಂದ್ರಲ್ಲ ಸ್ವಾಮಿ" ಅಂದೆ. "ಅವನು ಮೊದಲನೇ ದಿನವೇ ಇಷ್ಟ ಹೇಳಿದ್ದ. ಇಬ್ರೂ ಬೇಕು ಅಂದಿದ್ದ. ನೀವು ಒಂದನ್ನ ಹೊಡೆದ್ರಿ. ಆಮೇಲೂ ಅವನು ಸೋಲಲಿಲ್ಲ, ವರ್ಷಕ್ಕೊಬ್ರ ಹಾಗೆ ಬರೆದ. ನೀವು ಆರು ವರ್ಷದಲ್ಲಿ ಒಂದು ವರ್ಷ ಮಾತ್ರ ಓದಿ ನನಗೆ ಮಗನೇ ಇಲ್ಲ ಅಂದ್ರಿ. ನಾನು ಹೆಚ್ಚಿಗೆ ಏನೂ ಕೇಳ್ತಿಲ್ಲ. ಅವನು ಬರೆದದ್ದನ್ನ ಪೂರ್ತಿ ಓದಿ."

ಗೋಡೆಯ ಬಳಿ ನಿಂತಿದ್ದ ಒಬ್ಬ ಮುದುಕ ಚಪ್ಪಾಳೆ ತಟ್ಟಿದ. ಮೊಮ್ಮಗಳನ್ನಲ್ಲ, ಮಗಳನ್ನು ಕಳೆದುಕೊಂಡವನು. ಕಾರ್ಡು ಅವಳ ಅಮ್ಮನ ಹತ್ತಿರ ಇದೆಯಂತೆ. ಅವನಿಂದ ಮುಂದಿನವನು, ಮುಂದಿನವಳು. ಗದ್ದಲ ಮಾಡಬಾರದು ಎಂದು ಅಧ್ಯಕ್ಷೆ ಹೇಳಲೇ ಇಲ್ಲ.

ಹೊರಗೆ ಬಂದು ನಿಮ್ಮ ಮನೆಯವರು, "ಲಿಫ್ಟಲ್ಲಿ ಇಳಿಯೋಣ್ವಾ?" ಎಂದರು. ನಾನು ಮೆಟ್ಟಿಲಿನಲ್ಲೇ ಇಳಿದೆ. ಅಷ್ಟು ಬೇಗ ನಂಬಿಕೆ ಬರುವುದಿಲ್ಲ. ಆದರೆ ಆರು ಮಹಡಿಯೂ ನಗುತ್ತಲೇ ಇಳಿದೆ.

ನಿನ್ನ ಅಕ್ಕ

*

ನವೆಂಬರ್ 6

ಗುಬ್ಬಿಯ ಅಮ್ಮನಿಗೆ,

ಗೆದ್ದೆವು.

ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯವರು ಮತ ಹಾಕಿದರು. ನಾನು ಇಲಾಖೆಯ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ಬೋಲ್ಟು ಬಿಗಿಯುತ್ತಿದ್ದೆ. ಎಂಟನೇ ಮಹಡಿಯ ಕಾರ್ಯದರ್ಶಿ ಬಾಗಿಲ ಸಂದಿಯಿಂದ ತಲೆ ಹಾಕಿ, "ಮೇಲೆ ಇರೋರೇ, ನಿಮ್ಮ ಚೀಟಿ ಇನ್ನು ಕೀಳಬಹುದು. ಒಬ್ಬರೂ ವಿರೋಧ ಮಾಡಲಿಲ್ಲ" ಎಂದರು. ಸ್ಪ್ಯಾನರು ಕೈಜಾರಿ ಕೆಳಗೆ ಹೋಯಿತು. ಇಪ್ಪತ್ತೆಂಟು ವರ್ಷದಲ್ಲಿ ನಾನು ಸ್ಪ್ಯಾನರು ಬೀಳಿಸಿದ್ದು ಇದೇ ಮೊದಲು.

ಆದೇಶದಲ್ಲಿ ಇರುವುದು ಇಷ್ಟು: ತಂದೆಗೂ ತಾಯಿಗೂ ಬೇರೆ ಬೇರೆ ಕಾರ್ಡು. ಆಸ್ಪತ್ರೆ, ಪಾಸು ಇಬ್ಬರಿಗೂ ಒಂದೇ ರೀತಿ, ಮಾಸಾಶನ ಸರಿಸಮ ಪಾಲು. ಒಟ್ಟಿಗೆ ಇದ್ದರೂ ಅಷ್ಟೇ, ಬೇರೆಯಾಗಿದ್ದರೂ ಅಷ್ಟೇ. ಮೊದಲೇ ತೀರಿಹೋದವರ ಹೆತ್ತವರಿಗೂ ಅನ್ವಯ. ಅಧಿಕಾರಿಯೂ ಕೈ ಎತ್ತಿದರಂತೆ.

ಚೀಟಿಗಳನ್ನು ನಾನು ಕೀಳುತ್ತಿಲ್ಲ. ಅದರ ಕೆಳಗೆ "ನಿಮಗೂ ಸಿಗುತ್ತದೆ, ಹೋಗಿ ಕೇಳಿ" ಎಂದು ಅಂಟಿಸುತ್ತಿದ್ದೇನೆ. ನೂರ ಹನ್ನೆರಡು ಲಿಫ್ಟು, ಒಂದು ವಾರ ಹಿಡಿಯುತ್ತದೆ.

ಅವನ ಅಪ್ಪ

*

ಏಪ್ರಿಲ್ 3

ಗುಬ್ಬಿಯ ಅಪ್ಪನಿಗೆ,

ಗೇಟಿನ ಪಕ್ಕದ ಅತಿಥಿಗೃಹದಿಂದ ಬರೆಯುತ್ತಿದ್ದೇನೆ. ನೀವಿಬ್ಬರೂ ತಿಂಗಳ ಕೊನೆಗೆ ಬರುವವರು, ಅಲ್ಲಿಯತನಕ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನ್ನಿಂದಾಗದು.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಗೇಟಿಗೆ ಹೋದೆ. ಮೇಜಿನ ಹಿಂದೆ ಒಬ್ಬ ಸೈನಿಕ, ನಮ್ಮವನ ವಯಸ್ಸಿನವನೇ. "ಏನಾಗಬೇಕಮ್ಮ ಅವರು?" ಎಂದ. "ಮಗ" ಅಂದೆ. ಕಾರ್ಡು ತೋರಿಸಿದೆ. ಸಂಬಂಧ ಎಂಬ ಕಡೆ "ತಾಯಿ" ಎಂದಿರುವುದನ್ನು ಓದಿ, ಎದ್ದು ನಿಂತು ಸೆಲ್ಯೂಟು ಹೊಡೆದ. ನನಗೆ ಕೈಯನ್ನು ಏನು ಮಾಡಬೇಕೋ ತಿಳಿಯದೆ ಅವನ ಕೆನ್ನೆ ಸವರಿಬಿಟ್ಟೆ. ಹಾಗೆ ಮಾಡಬಾರದೋ ಏನೋ, ಅವನು ಕದಲಲಿಲ್ಲ. ನನ್ನ ಹಿಂದೆ ಸಾಲಿನಲ್ಲಿ ಹೊಸ ಕಾರ್ಡಿನವರು ಒಂಬತ್ತು ಜನ ಇದ್ದರು. ಆ ಚಪ್ಪಾಳೆಯ ಮುದುಕನೂ ಇದ್ದ.

ನಾಲ್ಕನೇ ಸಾಲು, ಎಡದಿಂದ ಹನ್ನೊಂದನೆಯದು. ಹತ್ತಿರ ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬಂತು. ಆಮೇಲೆ ಅವನಿಗೆ ಎಲ್ಲ ಹೇಳಿದೆ. ನಿಮ್ಮ ಲಿಫ್ಟು, ತಂಗಿಯ ಬಸ್ಸಿನ ಪಟ್ಟಿ, ಸ್ಪ್ಯಾನರು ಬಿದ್ದದ್ದು. ಅವನ ಮೇಲೆ ಮುನಿಸಿಕೊಂಡಿದ್ದೆ ಎಂಬುದನ್ನೂ ಹೇಳಿ ತಪ್ಪಾಯಿತು ಎಂದೆ.

ಕಲ್ಲಿನ ಮೇಲೆ ಅವನ ಹೆಸರು, ಅದರ ಕೆಳಗೆ ಇಂಥವರ ಮಗ ಎಂದು ನಿಮ್ಮ ಹೆಸರು. ಅಲ್ಲಿಗೇ ನಿಂತಿತ್ತು. ನೋಡುತ್ತಾ ಕೂತಿದ್ದಾಗ ಕಲ್ಲುಕುಟಿಗನೊಬ್ಬ ಉಳಿ, ಸುತ್ತಿಗೆ, ಬಕೆಟ್ಟು ಹಿಡಿದು ಬಂದ.

"ಅಮ್ಮಾ, ನೀವೇನಾ ತಾಯಿ? ಆದೇಶ ಬಂದಿದೆ, ಬಿಟ್ಟುಹೋಗಿರೋ ಹೆಸರೆಲ್ಲ ಕೆತ್ತಬೇಕಂತೆ. ಈ ಸಾಲಲ್ಲೇ ಆರಿದೆ. ನಿಮ್ಮದರಿಂದ ಶುರು ಮಾಡ್ಲಾ?"

"ಮಾಡಪ್ಪ" ಅಂದೆ.

"ಹೊತ್ತಾಗತ್ತೆ. ಪುಡಿ ಹಾರತ್ತೆ. ಆ ಕಡೆ ನೆರಳಲ್ಲಿ ಕೂತ್ಕೊಳ್ಳಿ."

ನಾನು ಕದಲಲಿಲ್ಲ. ಹತ್ತು ಗಂಟೆಗೆ ಮೊದಲ ಏಟು ಹಾಕಿದ. ನನ್ನ ಹೆಸರು ಒಂದೊಂದೇ ಅಕ್ಷರವಾಗಿ ನಿಮ್ಮ ಹೆಸರಿನ ಪಕ್ಕದಲ್ಲಿ, ಅದೇ ಗೆರೆಯಲ್ಲಿ, ಅದೇ ಅಳತೆಯಲ್ಲಿ ಎದ್ದುಬಂತು. ಮುಗಿದಾಗ ಒಂದು ಗಂಟೆ. ನೀರು ಸುರಿದು, ಬಟ್ಟೆಯಿಂದ ಒರೆಸಿ, "ನೋಡಿ ಅಮ್ಮಾ, ಸರಿ ಇದೆಯಾ?" ಎಂದ.

ಸರಿ ಇದೆ. ಇಬ್ಬರೂ ಇದ್ದೇವೆ. ನೀವು ಬಂದು ನೋಡಿ.

ಅವನ ಅಮ್ಮ